ರೇಡಿಯೇಷನ್ ನಂತರ ಪೆಗ್ ಟ್ಯೂಬ್: ತಿಂಗಳುಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ

ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆಯುವವರಿಗೆ ಬಾಯಿ, ಗಂಟಲು ಹುಣ್ಣಾಗಿ, ಜೊಲ್ಲು ಅಂಟಂಟಾಗಿ, ನೀರಿನ ಗುಟುಕೂ ಉರಿಯುವ ಸ್ಥಿತಿ ಚಿಕಿತ್ಸೆಯ ಕೊನೆಯ ವಾರಗಳಲ್ಲಿ ಹೆಚ್ಚುತ್ತದೆ. ಚಿಕಿತ್ಸೆ ಮುಗಿದ ಕೂಡಲೇ ಅದು ಇಳಿಯುವುದೂ ಇಲ್ಲ. ನನಗೂ ಹಾಗೆಯೇ ಆಯಿತು. ಆರಂಭದಲ್ಲಿ ಆಹಾರಕ್ಕೆಂದು ಮೂಗಿನ ಮೂಲಕ ಹಾಕಿದ್ದ ರೈಲ್ಸ್ ಟ್ಯೂಬ್ ಹುಣ್ಣಾದ ಗಂಟಲಿಗೆ ಉಜ್ಜುತ್ತಿತ್ತು, ಕೆಮ್ಮಿದಾಗಲೆಲ್ಲ ಜಾರೀತೆಂಬ ಭಯವಿತ್ತು. ಹೊಟ್ಟೆಯ ಮೇಲ್ಭಾಗದಲ್ಲಿ ರಂಧ್ರ ಮಾಡಿ ನೇರವಾಗಿ ಜಠರಕ್ಕೆ ಕೂರಿಸುವ ಪೆಗ್ ಟ್ಯೂಬ್ ಬಂದ ಮೇಲೆ ಆ ಎರಡೂ ಕಾಟ ತಪ್ಪಿದವು, ತೂಕ ಇಳಿಯುವುದೂ ನಿಂತಿತು.

ಬಳಸುವುದು ಕಷ್ಟವಲ್ಲ. 60 ಮಿ.ಲೀ. ಸಿರಿಂಜಿನ ಒಳದಂಡವನ್ನು ತೆಗೆದು, ಕೊಳವೆಯನ್ನಷ್ಟೇ ಟ್ಯೂಬಿಗೆ ಸಿಕ್ಕಿಸಿ ಆಹಾರ ಸುರಿದರೆ ಅದು ತಾನಾಗಿಯೇ ಇಳಿಯುತ್ತದೆ. ಕೈ ಎತ್ತಿದರೆ ವೇಗ, ತಗ್ಗಿಸಿದರೆ ನಿಧಾನ. ಆಹಾರ ಹಾಕುವಾಗ ಮಾತ್ರವಲ್ಲ, ಅನಂತರವೂ ಅರ್ಧ ಗಂಟೆಯಿಂದ ಒಂದು ಗಂಟೆ ಬೆನ್ನು ನೆಟ್ಟಗಿಟ್ಟು ಕೂರಬೇಕು, ಇಲ್ಲವಾದರೆ ಆಹಾರ ಗಂಟಲಿಗೆ ಮರಳಿ ಬರುತ್ತದೆ.

ಟ್ಯೂಬಿನ ದೊಡ್ಡ ಕೊರತೆಯೆಂದರೆ ಅದು ಕಟ್ಟಿಕೊಳ್ಳುವುದು, ಅದರಲ್ಲೂ ಮಾತ್ರೆಗಳಿಂದ. ನುಣ್ಣಗೆ ಪುಡಿ ಮಾಡಿದರೂ ಟ್ಯೂಬಿನ ಬಾಯಿಯ ಒಳಅಂಚಿನಲ್ಲಿ ಬಿಳಿಯ ಗಸಿ ಕೂರುತ್ತದೆ. ಆದ್ದರಿಂದ ಒಂದೊಂದು ಮಾತ್ರೆಯನ್ನೂ ಬೇರೆಬೇರೆಯಾಗಿ ಕರಗಿಸಿ ಹಾಕಿ, ನಡುವೆ ನೀರು ಬಿಡಬೇಕು. ಆಹಾರಕ್ಕೆ ಮುಂಚೆ ಮತ್ತು ನಂತರವೂ ನೀರು ಹಾಯಿಸಲೇಬೇಕು. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಗಳನ್ನು ಪುಡಿ ಮಾಡಬಾರದು. ಅವುಗಳ ಬದಲು ದ್ರವರೂಪದ ಔಷಧಿ ಸಿಗುವುದೇ ಎಂದು ವೈದ್ಯರನ್ನು ಕೇಳಬೇಕು. ಕಟ್ಟಿಕೊಂಡಾಗ ಉಗುರುಬೆಚ್ಚಗಿನ ನೀರನ್ನು ಮೆಲ್ಲಗೆ ತಳ್ಳಿ ಎಳೆದರೆ ಬಹುಪಾಲು ಬಿಡುತ್ತದೆ, ತಂತಿ ಹಾಕುವ ಸಾಹಸ ಬೇಡವೇ ಬೇಡ. ಟ್ಯೂಬ್ ಅಕಸ್ಮಾತ್ ಕಳಚಿ ಬಂದರೆ ಮರುದಿನದವರೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಆ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳತೊಡಗುತ್ತದೆ.

ಇಷ್ಟಾದರೂ ನಾನು ಮುಖ್ಯವಾಗಿ ಹೇಳಬೇಕಾದದ್ದು ಬೇರೆಯೇ ಇದೆ. ನೋವಿಲ್ಲದೆ ಹೊಟ್ಟೆ ತುಂಬುವಾಗ ನುಂಗುವುದನ್ನೇ ನಿಲ್ಲಿಸಿಬಿಡುವ ಆಸೆ ಸಹಜ. ಆದರೆ ರೇಡಿಯೇಷನ್‌ನಿಂದ ಮೊದಲೇ ಬಿಗಿಯಾಗುತ್ತಿರುವ ಗಂಟಲಿನ ಸ್ನಾಯುಗಳಿಗೆ ಕೆಲಸವೇ ಇಲ್ಲವಾದರೆ ಅವು ಇನ್ನಷ್ಟು ಪೆಡಸಾಗಿ, ಮುಂದೆ ಟ್ಯೂಬ್ ಬಿಡುವುದೇ ದುಸ್ತರವಾಗುತ್ತದೆ. ಆಹಾರ ಶ್ವಾಸಕೋಶಕ್ಕೆ ಹೋಗುತ್ತಿಲ್ಲವೆಂದು ತಜ್ಞರು ಪರೀಕ್ಷಿಸಿ ಅನುಮತಿಸಿದ ಮೇಲೆ ದಿನವೂ ಕೆಲವು ಗುಟುಕು ನೀರನ್ನಾದರೂ ನುಂಗಬೇಕು. ಬಲ ಕೊಟ್ಟು ನುಂಗುವ, ಬಾಯಿಯನ್ನು ಸಾಧ್ಯವಾದಷ್ಟು ಅಗಲಿಸುವ ವ್ಯಾಯಾಮಗಳನ್ನು ಸ್ಪೀಚ್ ಥೆರಪಿಸ್ಟ್ ಹೇಳಿಕೊಟ್ಟಂತೆ ಬಿಡದೆ ಮಾಡಬೇಕು. ನನಗೆ ಇವು ಬಹಳ ಬೇಸರದ ಕೆಲಸವಾಗಿದ್ದವು, ಆದರೂ ಮೆದು ಆಹಾರಕ್ಕೆ ಮರಳಲು ನೆರವಾದದ್ದು ಇವೇ ಎಂದು ನಂಬಿದ್ದೇನೆ. ಟ್ಯೂಬ್ ಹಾಕುವ ದಿನವೇ ಈ ಮಾತನ್ನು ಪ್ರತಿಯೊಬ್ಬ ರೋಗಿಗೂ ಒತ್ತಿ ಹೇಳಬೇಕು.

ಬಾಯಿಯಿಂದ ತಿಂದದ್ದರಲ್ಲೇ ಕೆಲವು ವಾರ ತೂಕ ನಿಂತರೆ ಟ್ಯೂಬ್ ತೆಗೆಯುವ ಮಾತು ಬರುತ್ತದೆ. ಟ್ಯೂಬನ್ನು ಜಾರದಂತೆ ಜಠರದೊಳಗೆ ಹಿಡಿದಿಡಲು ಬಲೂನ್ ಇರುವ ಬಗೆಯಾದರೆ ಅದರ ನೀರನ್ನು ಹೊರಗೆಳೆದು ಸುಲಭವಾಗಿ ತೆಗೆಯುತ್ತಾರೆ. ಬಲೂನಿನ ಬದಲು ಗಟ್ಟಿ ಬಿಲ್ಲೆಯಿರುವ ಬಗೆಗೆ ಕೆಲವೊಮ್ಮೆ ಎಂಡೋಸ್ಕೋಪಿ ಬೇಕಾಗುತ್ತದೆ. ಯಾವ ಬಗೆಯೆಂಬುದನ್ನು ಹಾಕಿಸಿಕೊಳ್ಳುವ ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ.