ಕಚ್ಚಿಕೊಂಡ ಸಸ್ಪೆನ್ಷನ್ ಬೋಲ್ಟ್‌ಗೆ ಯಾವುದು ವಾಸಿ: ಎಣ್ಣೆ, ಇಂಪ್ಯಾಕ್ಟ್, ಬೆಂಕಿ, ಇಂಡಕ್ಷನ್?

ಕಾರಿನ ಸಸ್ಪೆನ್ಷನ್ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳುವವರು ಒಂದೇ ಒಂದು ದುಬಾರಿ ಸಲಕರಣೆ ಕೊಳ್ಳುವುದಾದರೆ ಅದು ಜ್ವಾಲೆಯಿಲ್ಲದೆ ವಿದ್ಯುತ್ ಸುರುಳಿಯಿಂದ ನಟ್ ಕಾಯಿಸುವ ಇಂಡಕ್ಷನ್ ಹೀಟರ್ ಆಗಿರಲಿ. ನನ್ನ ಹತ್ತಿರ ಅದು ಬಂದದ್ದು ಕೊನೆಗೆ. ತುಕ್ಕು ಬಿಡಿಸುವ ಎಣ್ಣೆ, ಉದ್ದ ಹಿಡಿಯ ಬ್ರೇಕರ್ ಬಾರ್, ಬ್ಯಾಟರಿ ಇಂಪ್ಯಾಕ್ಟ್ ರೆಂಚ್, ಗ್ಯಾಸ್ ಟಾರ್ಚ್ ಎಲ್ಲ ಅದಕ್ಕೂ ಮೊದಲೇ ಮನೆಯಲ್ಲಿದ್ದವು. ಹಳೇ ಕಾರಿನ ಲೋವರ್ ಆರ್ಮ್ (ಚಕ್ರವನ್ನು ಕಾರಿನ ಅಡಿಗೆ ಸೇರಿಸುವ ತೋಳು), ಲಿಂಕ್ ರಾಡ್ (ಕಾರು ವಾಲದಂತೆ ತಡೆಯುವ ಬಾರ್‌ಗೆ ಜೋಡಿಸುವ ಸಣ್ಣ ಕಡ್ಡಿ), ಷಾಕ್ ಅಬ್ಸಾರ್ಬರ್ ಬದಲಾಯಿಸುವಾಗ ಎಲ್ಲವನ್ನೂ ಬಳಸಿ ನೋಡಿದ್ದೇನೆ. ಈಗ ಜಪ್ಪಯ್ಯ ಅಂದರೂ ಅಲುಗದ ನಟ್ ಕಂಡರೆ ಕೈ ನೇರ ಹೀಟರ್ ಕಡೆಗೇ ಹೋಗುತ್ತದೆ.

ಎಣ್ಣೆಯನ್ನು ತಳ್ಳಿಹಾಕುತ್ತಿಲ್ಲ. ಅಗ್ಗ, ಸದ್ದಿಲ್ಲ, ಏನನ್ನೂ ಸುಡುವುದಿಲ್ಲ. ಆದರೆ ಯಾವ ಎಣ್ಣೆ ಎನ್ನುವುದು ಮುಖ್ಯ. ಎಲ್ಲರ ಮನೆಯಲ್ಲೂ ಇರುವ ಮಾಮೂಲಿ ಡಬ್ಲ್ಯುಡಿ-40 1953ರಲ್ಲಿ ತಯಾರಾದದ್ದು ಲೋಹದ ಮೇಲಿನ ತೇವ ಓಡಿಸಿ ತುಕ್ಕು ತಡೆಯಲು. ತುಕ್ಕಿನೊಳಕ್ಕೆ ಇಳಿಯಲೆಂದೇ ಮಾಡಿದ ಪೆನೆಟ್ರೇಟಿಂಗ್ ಆಯಿಲ್ ಬೇರೆ. ಅದೇ ಕಂಪನಿ ಅದನ್ನೂ ಮಾರುತ್ತದೆ. ಅಸಿಟೋನ್ ಮತ್ತು ಆಟೋ ಗೇರ್‌ಬಾಕ್ಸ್ ಎಣ್ಣೆಯನ್ನು ಸಮಸಮ ಬೆರೆಸಿಕೊಳ್ಳುವವರೂ ಇದ್ದಾರೆ. ಅವೆರಡೂ ಬೇಗ ಬೇರೆಯಾಗುವುದರಿಂದ ಪ್ರತಿ ಸಲ ಕುಲುಕಿ ಹಾಕಬೇಕು. ಯಾವುದೇ ಆದರೂ ಹೊರಗೆ ಕಾಣುವ ತಿರುಪನ್ನು (ಬೋಲ್ಟ್ ಮೇಲಿನ ಸುರುಳಿ ಗೆರೆಗಳನ್ನು) ಮೊದಲು ತಂತಿ ಬ್ರಷ್‌ನಿಂದ ಉಜ್ಜಿ, ಹಿಂದಿನ ರಾತ್ರಿಯೇ ಹಾಕಿಟ್ಟರೆ ಮಾತ್ರ ಉಪಯೋಗ. ಸ್ಪ್ರೇ ಹೊಡೆದು ತಕ್ಷಣ ಸ್ಪ್ಯಾನರ್ ಹಾಕಿದರೆ ನೆಲ ಒದ್ದೆಯಾದದ್ದಷ್ಟೇ ಲಾಭ.

ಉದ್ದ ಬಾರ್‌ನ ಸಮಸ್ಯೆ ಅದರ ಬಲವೇ. ಒಂದು ಮೀಟರ್ ಬಾರ್‌ನ ತುದಿಗೆ 60 ಕಿಲೋ ತೂಕ ಬಿಟ್ಟರೆ ಸುಮಾರು 600 ನ್ಯೂಟನ್ ಮೀಟರ್ ಟಾರ್ಕ್, ಎಂದರೆ ತಿರುಚುವ ಬಲ, ಹುಟ್ಟುತ್ತದೆ. 10.9 ದರ್ಜೆಯ (ಹೆಚ್ಚು ಗಟ್ಟಿ ಉಕ್ಕಿನ) ಎಂ12 (12 ಮಿಲಿಮೀಟರ್ ದಪ್ಪದ) ಬೋಲ್ಟನ್ನು ಸಾಮಾನ್ಯವಾಗಿ ಬಿಗಿಯುವುದೇ 120ರ ಆಸುಪಾಸಿನಲ್ಲಿ. ಎಂದರೆ ನಟ್ ಬಿಡುವ ಮೊದಲೇ ಬೋಲ್ಟ್ ತುಂಡಾಗಲು ಬೇಕಾದಷ್ಟು ಬಲ ನಮ್ಮ ಕೈಯಲ್ಲಿದೆ. ಬಾರ್ ಎಳೆಯುವಾಗ ಟಕ್ಕೆಂದು ಸದ್ದು ಬಂದು ಸಡಿಲವಾದರೆ ಸರಿ. ಸದ್ದಿಲ್ಲದೆ ಮೆತ್ತಗೆ ತಿರುಗತೊಡಗಿದರೆ ಅಲ್ಲೇ ನಿಲ್ಲಿಸಿ, ಬೋಲ್ಟ್ ಹಿಂಡಿಹೋಗುತ್ತಿದೆ ಎಂದರ್ಥ. ಸಾಕೆಟ್ ಆರು ಮೂಲೆಯದೇ ಇರಲಿ. ಹನ್ನೆರಡರದು ತುಕ್ಕು ತಿಂದ ನಟ್‌ನ ಅಂಚು ಸವೆಸಿಬಿಡುತ್ತದೆ.

ಇಂಪ್ಯಾಕ್ಟ್ ರೆಂಚ್ ಬಾರ್‌ಗಿಂತ ಎಷ್ಟೋ ಮೇಲು. ಒಂದೇ ಸಮ ತಿರುಚುವುದಿಲ್ಲ, ಬಡಿದು ಬಡಿದು ತುಕ್ಕನ್ನು ಒಡೆಯುತ್ತದೆ. ಮುಂದಿನ ಸ್ಟ್ರಟ್ಟನ್ನು (ಸ್ಪ್ರಿಂಗ್ ಸಮೇತದ ಷಾಕ್ ಅಬ್ಸಾರ್ಬರ್) ನಕಲ್‌ಗೆ (ಚಕ್ರವನ್ನು ಹೊರುವ ಭಾಗ) ಹಿಡಿಸುವ ದಪ್ಪ ಬೋಲ್ಟ್‌ಗಳಿಗೆ ಇದೇ ಸರಿ. ಆದರೆ ಅಲ್ಲಿ ನಟ್ಟನ್ನೇ ತಿರುಗಿಸಿ, ಬೋಲ್ಟ್ ತಲೆಯನ್ನಲ್ಲ. ಹಲವು ಕಾರುಗಳಲ್ಲಿ ಆ ಬೋಲ್ಟ್‌ನ ಕುತ್ತಿಗೆಯಲ್ಲಿ ಹಲ್ಲುಗಳಿದ್ದು ತೂತಿನಲ್ಲಿ ಕಚ್ಚಿ ಕೂತಿರುತ್ತವೆ. ಲಿಂಕ್ ರಾಡ್‌ಗೆ ಬಂದರೆ ಇಂಪ್ಯಾಕ್ಟ್ ಸೋಲುತ್ತದೆ. ನಟ್ ಜತೆಗೆ ಒಳಗಿನ ಬಾಲ್ ಸ್ಟಡ್ಡೂ (ನಟ್ ಕೂರುವ ತಿರುಪಿನ ಕಡ್ಡಿ) ಸುತ್ತುತ್ತದೆ, ಸ್ಟಡ್ ತುದಿಯಲ್ಲಿ ಆಲನ್ ಕೀ ಕೂರುವ ಕುಳಿ ತುಕ್ಕು ತಿಂದು ಕೀಲಿಯನ್ನು ಹಿಡಿಯುವುದಿಲ್ಲ.

ಇಂಥ ಕಡೆಯೇ ಬಿಸಿ ಗೆಲ್ಲುವುದು. ಹೀಟರ್ ಸುರುಳಿಯನ್ನು ನಟ್‌ಗೆ ತೊಡಿಸಿ ಗುಂಡಿ ಒತ್ತಿದರೆ, ಸುರುಳಿಯ ಅಧಿಕ ಆವರ್ತನದ ವಿದ್ಯುತ್ತು ಉಕ್ಕಿನೊಳಗೇ ಪ್ರವಾಹ ಹುಟ್ಟಿಸಿ ನಟ್ಟನ್ನು ಒಳಗಿನಿಂದ ಕಾಯಿಸುತ್ತದೆ. ಮೊದಲು ಎಣ್ಣೆಯ ಹೊಗೆ ಏಳುತ್ತದೆ, ನಂತರ ತುಕ್ಕಿನ ಪುಡಿ ಬಣ್ಣ ಬದಲಿಸುತ್ತದೆ, ಆಮೇಲೆ ನಟ್‌ನ ಮೂಲೆಗಳು ಮಂದ ಕೆಂಪಾಗುತ್ತವೆ. 300 ಡಿಗ್ರಿ ಬಿಸಿ ಏರಿದರೆ ಎಂ12 ನಟ್‌ನ ಒಳವ್ಯಾಸ ಹಿಗ್ಗುವುದು 0.04 ಮಿಲಿಮೀಟರ್‌ನಷ್ಟೇ. ತುಕ್ಕಿನ ಹಿಡಿತ ಬಿರಿಯಲು ಅಷ್ಟು ಸಾಕು. ನಂತರ ಸಾಧಾರಣ ಸ್ಪ್ಯಾನರ್‌ಗೇ ನಟ್ ಬರುತ್ತದೆ, ಸ್ಟಡ್ಡನ್ನು ಹಿಡಿಯಲು ಲಾಕಿಂಗ್ ಇಕ್ಕಳ ಸಾಕು.

ಗ್ಯಾಸ್ ಟಾರ್ಚ್ ಕೂಡ ಕಾಯಿಸುತ್ತದೆ, ಅಗ್ಗವೂ ಹೌದು. ಆದರೆ ಸಸ್ಪೆನ್ಷನ್ ಸುತ್ತ ಬ್ರೇಕ್ ಹೋಸ್, ಎಬಿಎಸ್ ವೈರು, ಆಕ್ಸಲ್ ಬೂಟ್, ಬಾಲ್ ಜಾಯಿಂಟ್‌ನ ರಬ್ಬರ್ ಎಲ್ಲವೂ ಇರುತ್ತವೆ. ಜ್ವಾಲೆ ನಟ್‌ನ ಆಚೆಗೂ ಚಾಚುತ್ತದೆ. ಗ್ಯಾಸ್ ತುಂಬಿದ ಷಾಕ್ ಅಬ್ಸಾರ್ಬರ್ ಮೈಗೆ ಬೆಂಕಿ ತಾಗಲೇಬಾರದು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗವನ್ನಂತೂ ಯಾವ ವಿಧಾನದಿಂದಲೂ ಕಾಯಿಸಬೇಡಿ. ಬಿಸಿಗೆ ಅದು ಫಾಸ್ಜೀನ್ ಎಂಬ ಪ್ರಾಣಾಂತಕ ವಿಷಾನಿಲವಾಗಬಹುದು. ಅಲ್ಯೂಮಿನಿಯಂ ನಕಲ್‌ನಲ್ಲಿ ಕಚ್ಚಿಕೊಂಡ ಉಕ್ಕಿನ ಬೋಲ್ಟ್ ಒಂದರಲ್ಲಿ ಮಾತ್ರ ಟಾರ್ಚ್ ಮುಂದಿದೆ: ಕಾಯಬೇಕಾದದ್ದು ಸುತ್ತಲಿನ ಅಲ್ಯೂಮಿನಿಯಂ, ಮತ್ತು ಇಂಡಕ್ಷನ್‌ಗೆ ಅದು ಸುಲಭವಾಗಿ ಒಗ್ಗುವುದಿಲ್ಲ.

ಇನ್ನು ನನ್ನ ಹೀಟರ್ ಕೂಡ ಕೈಚೆಲ್ಲಿದ ಒಂದು ಜಾಗ. ಲೋವರ್ ಆರ್ಮ್‌ನ ಬುಷ್ ಮೂಲಕ ಹಾದುಹೋಗುವ ಉದ್ದ ಬೋಲ್ಟ್. ಇದರ ನಟ್ ಹೆಚ್ಚಾಗಿ ತಕರಾರಿಲ್ಲದೆ ಬಿಚ್ಚಿಕೊಳ್ಳುತ್ತದೆ, ಕೆಲಸ ಮುಗಿಯಿತು ಎನಿಸುತ್ತದೆ. ಆಮೇಲೆ ಬೋಲ್ಟ್ ತಲೆ ತಿರುಗಿಸಿದರೆ ಸ್ವಲ್ಪ ತಿರುಗಿ, ಬಿಟ್ಟ ಕೂಡಲೇ ಹಿಂಡಿದ ಒದ್ದೆ ಬಟ್ಟೆಯ ಹಾಗೆ ಮೊದಲಿನ ಜಾಗಕ್ಕೇ ಬಿಚ್ಚಿಕೊಳ್ಳುತ್ತದೆ. ಬುಷ್‌ನ ನಡುವೆ ಉಕ್ಕಿನ ಕೊಳವೆ ಇದೆ, ಅದರ ಸುತ್ತ ರಬ್ಬರ್. ಬೋಲ್ಟ್ ತುಕ್ಕು ಹಿಡಿದು ಅಂಟಿಕೊಂಡಿರುವುದು ಆ ಕೊಳವೆಗೆ. ನಾವು ತಿರುಗಿಸುತ್ತಿರುವುದು ಬೋಲ್ಟ್ ಮತ್ತು ಕೊಳವೆ ಎರಡನ್ನೂ. ಹಿಂದಕ್ಕೆ ತರುತ್ತಿರುವುದು ರಬ್ಬರ್.

ಇಲ್ಲಿ ಎಣ್ಣೆ ಇಳಿಯಲು ದಾರಿಯಿಲ್ಲ, ಕೊಳವೆಯ ಎರಡೂ ತುದಿ ಬ್ರಾಕೆಟ್‌ಗೆ ಒತ್ತಿ ಕೂತಿವೆ. ಇಂಪ್ಯಾಕ್ಟ್‌ನ ಹೊಡೆತವನ್ನು ರಬ್ಬರ್ ನುಂಗುತ್ತದೆ, ಕೊನೆಗೆ ರಬ್ಬರೇ ಹರಿದು ಬೋಲ್ಟ್ ಸುಮ್ಮನೆ ಸುತ್ತುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಸುತ್ತಿಗೆಯಲ್ಲಿ ಹೊಡೆದರೆ ತಿರುಪಿನ ತುದಿ ಅಣಬೆಯಾಗುತ್ತದೆ. ಹೀಟರ್ ಬೋಲ್ಟ್‌ನ ತಲೆಯನ್ನು ಕೆಂಪಾಗಿಸಿತು, ಆದರೆ ಹಿಡಿತವಿರುವುದು ನಡುವಿನಲ್ಲಿ. ಬಿಸಿ ಅಲ್ಲಿಗೆ ತಲುಪುವ ಮೊದಲೇ ರಬ್ಬರ್ ಹೊಗೆಯಾಡಿತು. ಬ್ರಾಕೆಟ್‌ಗೆ ಬೆಸುಗೆ ಹಾಕಿದ ನಟ್ ಇರುವ ಕಾರಾದರೆ ಇನ್ನೂ ಕಷ್ಟ. ಬಲ ಹಾಕಿದರೆ ಬೆಸುಗೆಯೇ ಕಿತ್ತು, ಕೈ ಹೋಗದ ಸಬ್‌ಫ್ರೇಮ್‌ನ (ಆರ್ಮ್ ಹಿಡಿದಿರುವ ಅಡಿ ಚೌಕಟ್ಟಿನ) ಒಳಗೆ ನಟ್ ಸುತ್ತತೊಡಗುತ್ತದೆ.

ಇದಕ್ಕೆ ಮದ್ದು ಕೊಯ್ಯುವುದೊಂದೇ. ಹಿಂದೆಮುಂದೆ ಓಡಿ ಕೊಯ್ಯುವ ರೆಸಿಪ್ರೊಕೇಟಿಂಗ್ ಗರಗಸದ ಬ್ಲೇಡನ್ನು ಬುಷ್ ಮತ್ತು ಬ್ರಾಕೆಟ್ ನಡುವಿನ ಸಂದಿಗೆ ಇಳಿಸಿ, ಎರಡೂ ಕಡೆ ಬೋಲ್ಟನ್ನು ಕೊಳವೆ ಸಮೇತ ತುಂಡರಿಸಿದರೆ ಆರ್ಮ್ ಕೆಳಗೆ ಬರುತ್ತದೆ. 10.9 ದರ್ಜೆಯ ಬೋಲ್ಟ್‌ಗೆ ಬೈಮೆಟಲ್ ಬ್ಲೇಡ್ ಬೇಗ ಬೋಳಾಗುತ್ತದೆ. ಕಾರ್ಬೈಡ್ ಹಲ್ಲಿನದು ತನ್ನಿ, ನಿಧಾನ ವೇಗದಲ್ಲಿ, ಒತ್ತಿ, ಎಣ್ಣೆ ಬಿಡುತ್ತಾ ಕೊಯ್ಯಿರಿ. ಬ್ಲೇಡ್ ಬ್ರಾಕೆಟ್ ಕಡೆ ವಾಲದಂತೆ ನೋಡಿಕೊಳ್ಳಿ. ಗ್ರೈಂಡರ್ ಆ ಸಂದಿಗೆ ಹೋಗುವುದಿಲ್ಲ, ಪೆಟ್ರೋಲ್ ಪೈಪಿನ ಹತ್ತಿರ ಅದರ ಕಿಡಿಯೂ ಬೇಡ.

ಹೊಸ ಬೋಲ್ಟ್, ನಟ್ ಮೊದಲೇ ತಂದಿಟ್ಟುಕೊಂಡೇ ಕೆಲಸಕ್ಕೆ ಕೈಹಾಕಿ. ಕೆಂಪಾಗಿ ಕಾಯಿಸಿದ ಬೋಲ್ಟ್ ತನ್ನ ಗಡಸು ಕಳೆದುಕೊಂಡಿರುತ್ತದೆ, ಮತ್ತೆ ಹಾಕುವಂತಿಲ್ಲ. ಹೊಸದಕ್ಕೆ ಆಂಟಿ-ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ) ಗ್ರೀಸನ್ನು ಕೊಳವೆಯೊಳಗೆ ಕೂರುವ ನುಣುಪು ಭಾಗಕ್ಕೆ ಸವರಿ. ತಿರುಪಿಗೆ ತಾಗಿದರೆ ಅದೇ ಟಾರ್ಕ್‌ಗೆ ಬೋಲ್ಟ್ ಅಗತ್ಯಕ್ಕಿಂತ ಹೆಚ್ಚು ಬಿಗಿಯುತ್ತದೆ. ಬುಷ್ ಬೋಲ್ಟನ್ನು ಕೊನೆಯದಾಗಿ ಬಿಗಿಯುವುದು ಸಸ್ಪೆನ್ಷನ್ ಮೇಲೆ ಕಾರಿನ ಭಾರ ಕೂತಿರುವಾಗ. ಚಕ್ರ ಜೋತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

ಹೀಟರ್‌ನ ಕೊರತೆಗಳೂ ಇವೆ. ಕರೆಂಟ್ ಬೇಕು, ದಪ್ಪ ವೈರಿನ ಎಕ್ಸ್‌ಟೆನ್ಷನ್ ಬೇಕು. ಸುರುಳಿಯ ಹೊದಿಕೆ ಕಾದ ನಟ್‌ಗೆ ತಾಗಿ ಸುಟ್ಟುಹೋಗುತ್ತದೆ, ಆಗಾಗ ಹೊಸದು ಕೊಳ್ಳಬೇಕು. ಉಂಗುರ, ವಾಚು ತೆಗೆದಿಡಬೇಕು, ಪೇಸ್‌ಮೇಕರ್ ಇರುವವರು ಹತ್ತಿರ ಬರಕೂಡದು.

ನಾನು ಕೆಲಸ ಮಾಡುವುದು ಸಂಜೆ ಹೊತ್ತು, ಪಕ್ಕದ ಮನೆಯಲ್ಲಿ ಮಕ್ಕಳು ಮಲಗುವ ಸಮಯ. ಇಂಪ್ಯಾಕ್ಟ್‌ನ ಗದ್ದಲ ಆಗ ಆಗದು, ಹೀಟರ್‌ಗೆ ಸದ್ದೇ ಇಲ್ಲ. ಮನೆಯ ಕಾರುಗಳೆಲ್ಲ ಹಳೆಯವು, ಯಾವುದಾದರೊಂದು ರಿಪೇರಿ ಇದ್ದೇ ಇರುತ್ತದೆ, ಹಾಗಾಗಿ ಹಾಕಿದ ದುಡ್ಡು ದುಡಿಯುತ್ತಿದೆ. ಒಂದು ಕಾರು, ಒಂದು ಜೊತೆ ಷಾಕ್ ಅಬ್ಸಾರ್ಬರ್, ಅಷ್ಟೇ ಕೆಲಸ ಎನ್ನುವವರು ಒಳ್ಳೆಯ ಪೆನೆಟ್ರೇಟಿಂಗ್ ಎಣ್ಣೆ ಕೊಂಡು, ಇಂಪ್ಯಾಕ್ಟನ್ನು ಬಾಡಿಗೆಗೋ ಗೆಳೆಯರಿಂದಲೋ ತಂದುಕೊಳ್ಳಲಿ. ಲೋವರ್ ಆರ್ಮ್‌ಗೆ ಕೈಹಾಕುವವರು ಮಾತ್ರ ಗರಗಸಕ್ಕೆ ಎರಡು ಕಾರ್ಬೈಡ್ ಬ್ಲೇಡ್ ತಂದಿಟ್ಟುಕೊಂಡ ಮೇಲೆಯೇ ಜ್ಯಾಕ್ ಎತ್ತಬೇಕು.