ಪೆಡೊಂಗ್ ಬಳಿಯ ಹೋಂಸ್ಟೇ: ಕಾಲಿಂಪಾಂಗ್ ಜಿಲ್ಲೆಯ ಹಳ್ಳಿವಾಸದ ವಿಮರ್ಶೆ

ಪಶ್ಚಿಮ ಬಂಗಾಳದ ಉತ್ತರದಲ್ಲಿರುವ ಕಾಲಿಂಪಾಂಗ್ ಜಿಲ್ಲೆಗೆ ಹೋಗುವವರಲ್ಲಿ ಹೆಚ್ಚಿನವರು ಪೇಟೆಯ ಹೋಟೆಲಿನಲ್ಲಿ ತಂಗಿ, ಡೇಲೊ ಮತ್ತು ದುರ್ಪಿನ್ ಗುಡ್ಡಗಳನ್ನು ನೋಡಿ ಹಿಂತಿರುಗುತ್ತಾರೆ. ಪೆಡೊಂಗ್‌ನಿಂದ ತುಸು ದೂರದ ಹಳ್ಳಿಯಲ್ಲಿ ರೈ ಕುಟುಂಬವೊಂದು ನಡೆಸುವ ಹೋಂಸ್ಟೇಯಲ್ಲಿ ಉಳಿದು ಬಂದ ಮೇಲೆ, ಈ ಜಿಲ್ಲೆಯ ನೆಲವನ್ನೂ ಜನರನ್ನೂ ಅರಿಯಬಯಸುವವರು ಪೇಟೆಗೆ ಒಂದು ಮಧ್ಯಾಹ್ನವನ್ನಷ್ಟೇ ಕೊಟ್ಟು ಉಳಿದ ಸಮಯವನ್ನು ಇಂಥ ಮನೆಗೆ ಮೀಸಲಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೊಠಡಿಗಳು ಸಾಧಾರಣವಾಗಿವೆ, ಹಾಸಿಗೆ ಶುಚಿಯಾಗಿದೆ, ಬಿಸಿನೀರು ಬಕೆಟ್ಟಿನಲ್ಲಿ ಬರುತ್ತದೆ. ಇಲ್ಲಿಯ ನಿಜವಾದ ಸೇವೆಯೆಂದರೆ, ಬೆಳಗಿನ ತಿಂಡಿಯಾದ ನಂತರ ಮನೆಯ ಹಿರಿಯರು ಅತಿಥಿಗಳನ್ನು ತಮ್ಮ ಹೊಲಗಳ ಮೂಲಕ ಕೆಳಗಿನ ಝೋರಾದವರೆಗೆ, ಅಂದರೆ ಗುಡ್ಡದ ತೊರೆಯವರೆಗೆ, ಕರೆದೊಯ್ಯುವ ನಡಿಗೆ.

ಎಲ್ಲರೂ 'ಬಾಜೆ' ಎಂದು ಕರೆಯುವ ಈ ಅಜ್ಜ ಇಳಿಜಾರನ್ನು ಮೇಲಿನಿಂದ ಕೆಳಕ್ಕೆ ವಿವರಿಸುತ್ತ ಹೋಗುತ್ತಾರೆ. ಏಣಿನ ಮೇಲೆ ರಸ್ತೆ ಮತ್ತು ಮನೆಗಳು. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಹೊಲಗಳು. ಮೊದಲು ಮೆಕ್ಕೆಜೋಳ ಬಿತ್ತಿ, ಮಳೆ ಹಿಡಿದ ಮೇಲೆ ಅದರ ಸಾಲುಗಳ ನಡುವೆಯೇ ರಾಗಿಯ ಸಸಿಗಳನ್ನು ನಾಟಿ ಮಾಡುತ್ತಾರೆ. ಬದುಗಳ ಮೇಲೆ ಬೆಳೆಯುವ ಅಮ್ಲಿಸೊ ಹುಲ್ಲು ಮಣ್ಣು ಜಾರದಂತೆ ಹಿಡಿಯುತ್ತದೆ; ಅದರ ಎಲೆ ದನಗಳಿಗೆ ಮೇವು, ತೆನೆ ಕಸಬರಿಗೆಯಾಗಿ ಮಾರುಕಟ್ಟೆಗೆ. ಇನ್ನೂ ಕೆಳಗೆ, ತೇವ ಆರದ ಕಣಿವೆಯಲ್ಲಿ, ಉತ್ತಿಸ್ ಮರಗಳ ನೆರಳಿನಲ್ಲಿ ದೊಡ್ಡ ಏಲಕ್ಕಿಯ ತೋಟ. ಉತ್ತಿಸ್ ಬೇರುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವುದರಿಂದ ಗಿಡಕ್ಕೆ ನೆರಳು, ಗೊಬ್ಬರ ಎರಡೂ ಒಂದೇ ಮರದಿಂದ ಸಿಗುತ್ತವೆ. ಕೊಯ್ದ ಕಾಯಿಗಳನ್ನು ಕಲ್ಲಿನ ಭಟ್ಟಿಯ ಮೇಲೆ ಹರಡಿ ಸೌದೆಯ ಬೆಂಕಿಯಲ್ಲಿ ಒಣಗಿಸುವುದನ್ನು ನೋಡಿದಾಗ, ಆ ಏಲಕ್ಕಿಗೆ ಹೊಗೆಯ ಪರಿಮಳ ಎಲ್ಲಿಂದ ಬರುತ್ತದೆಂಬುದು ತಿಳಿಯಿತು.

ಡಾರ್ಜಿಲಿಂಗಿನಂತೆ ಇಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಚಹಾ ತೋಟಗಳೇಕಿಲ್ಲ ಎಂದು ಕೇಳಿದೆ. ಬ್ರಿಟಿಷರ ಕಾಲದಲ್ಲಿ ಕಾಲಿಂಪಾಂಗಿನ ಹೆಚ್ಚಿನ ಸಾಗುವಳಿ ಭೂಮಿ 'ಖಾಸ್ ಮಹಲ್' ಎಂದು ಸರ್ಕಾರದ ನೇರ ಆಡಳಿತದಲ್ಲಿ ಉಳಿದು, ಚಹಾ ಕಂಪನಿಗಳಿಗೆ ಹೋಗದೆ ಸಣ್ಣ ರೈತರ ಪಾಲಿಗೆ ಬಂತು ಎಂಬ ಉತ್ತರದಲ್ಲಿ ಈ ಹಳ್ಳಿಗಳ ಸ್ವರೂಪವೇ ಅಡಗಿದೆ. ಇಲ್ಲಿ ಕೂಲಿ ಲೈನುಗಳಿಲ್ಲ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಿಲ್ಲ. ಪ್ರತಿ ಮನೆಯ ಸುತ್ತ ಅದರದೇ ಹೊಲವಿದೆ. ನೀರಿನ ಕಷ್ಟವೂ ಈ ನಡಿಗೆಯಲ್ಲೇ ಕಾಣಿಸುತ್ತದೆ. ಸುಮಾರು 1,250 ಮೀಟರ್ ಎತ್ತರದ ಕಾಲಿಂಪಾಂಗ್ ಪೇಟೆಗಿಂತ ಸಾವಿರ ಮೀಟರಿನಷ್ಟು ಕೆಳಗೆ ತೀಸ್ತಾ ನದಿ ತುಂಬಿ ಹರಿಯುತ್ತಿದ್ದರೂ, ಏಣಿನ ಮೇಲಿನ ಹಳ್ಳಿಗಳು ಬದುಕುವುದು 'ಧಾರಾ' ಎಂಬ ಒರತೆಗಳನ್ನು ನಂಬಿ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಅವು ಸೊರಗುತ್ತವೆ. ಸ್ನಾನದ ನೀರು ಬಕೆಟ್ಟಿನ ಲೆಕ್ಕದಲ್ಲಿ ಬರುವುದನ್ನು ಕೊರತೆಯೆಂದು ನಾನು ಬರೆಯಲಾರೆ.

ಊಟದ ಹೊತ್ತಿಗೆ ನೆರೆಹೊರೆಯವರು ಬಂದು ಕೂರುವುದು ಇಲ್ಲಿ ವಾಡಿಕೆ. ರೈ, ಲಿಂಬೂ, ತಮಾಂಗ್, ನೇವಾರ್, ಛೇತ್ರಿ ಕುಟುಂಬಗಳ ಜೊತೆಗೆ ಈ ನೆಲದ ಮೂಲನಿವಾಸಿಗಳಾದ ಲೆಪ್ಚಾ ಜನರೂ ಈ ಜಿಲ್ಲೆಯಲ್ಲಿದ್ದಾರೆ. ರೈ, ಲಿಂಬೂ, ತಮಾಂಗರಿಗೆ ತಮ್ಮವೇ ಭಾಷೆಗಳಿವೆ, ಲೆಪ್ಚಾ ಭಾಷೆಗೆ ಸ್ವಂತ ಲಿಪಿಯೂ ಇದೆ. ಆದರೂ ಜಗಲಿಯ ಮೇಲೆ ಎಲ್ಲರನ್ನೂ ಕೂಡಿಸುವುದು ನೇಪಾಳಿ. 1961ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಗುಡ್ಡಗಾಡು ಪ್ರದೇಶದ ಆಡಳಿತಕ್ಕೆ ನೇಪಾಳಿಯನ್ನು ಒಪ್ಪಿಕೊಂಡಿತು, 1992ರಲ್ಲಿ ಅದು ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಈ ಭಾಷೆಯನ್ನಾಡುವವರನ್ನು ಹೊರನಾಡಿನವರೆಂದು ಭಾವಿಸುವ ಪ್ರವಾಸಿಗರು ಇಂದಿಗೂ ಇದ್ದಾರೆ; ಅದು ಈ ಮನೆಯವರನ್ನು ನೋಯಿಸುತ್ತದೆ, ನೋಯಿಸುವುದು ಸಹಜವೇ. ಭೂತಾನದ ಆಳ್ವಿಕೆಯಲ್ಲಿದ್ದ ಈ ಪ್ರದೇಶ 1865ರ ಸಿಂಚುಲಾ ಒಪ್ಪಂದದಿಂದ ಬ್ರಿಟಿಷರ ಕೈ ಸೇರಿತು. ಅಲ್ಲಿಂದ ಮುಂದೆ ಜೆಲೆಪ್ ಲಾ ಎಂಬ ಗಿರಿಮಾರ್ಗ ದಾಟಿ ಟಿಬೆಟಿನ ಉಣ್ಣೆ ಹೊತ್ತ ಹೇಸರಗತ್ತೆಗಳು ಪೆಡೊಂಗ್ ಮೂಲಕವೇ ಕಾಲಿಂಪಾಂಗಿಗೆ ಇಳಿಯುತ್ತಿದ್ದವು. 1962ರ ಭಾರತ-ಚೀನಾ ಯುದ್ಧದೊಂದಿಗೆ ಆ ವ್ಯಾಪಾರ ನಿಂತುಹೋಯಿತು.

ಅಡುಗೆಯ ಬಗ್ಗೆ ದೂರುವಂಥದ್ದೇನೂ ಇಲ್ಲ. ರಾಗಿ ಹಿಟ್ಟಿನ ಧಿಂಡೋ, ಹುದುಗಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್ ಸಾರು, ಡಲ್ಲೆ ಖುರ್ಸಾನಿ ಎಂಬ ಗುಂಡು ಮೆಣಸಿನಕಾಯಿಯ ಉಪ್ಪಿನಕಾಯಿ ಅಲ್ಲಿಯವೇ ಬೆಳೆಗಳಿಂದ ಆದವು. ಹುದುಗಿಸಿದ ಸೋಯಾ ಕಾಳಿನ ಕಿನೆಮಾ ಘಾಟು ವಾಸನೆಯದು. ಬೇಕೆಂದು ಮೊದಲೇ ಕೇಳಿದರೆ, ಎಲ್ಲರೂ 'ದಿದಿ' (ಅಕ್ಕ) ಎನ್ನುವ ಮನೆಯಾಕೆ ಮಾಡಿಕೊಡುತ್ತಾರೆ, ಕೇಳುವುದು ಒಳ್ಳೆಯದು.

ಕೊರತೆಗಳೂ ಇವೆ. ನಾವು ಕೊಠಡಿ ಕಾಯ್ದಿರಿಸಿದ ಮಧ್ಯವರ್ತಿ ಸಂಸ್ಥೆ, ಕಿಟಕಿಯಿಂದಲೇ ಕಾಂಚನಜುಂಗಾ ಕಾಣುತ್ತದೆಂಬಂತೆ ಚಿತ್ರ ಹಾಕಿತ್ತು. ವಾಸ್ತವದಲ್ಲಿ ಅದಕ್ಕಾಗಿ ಗುಡ್ಡದ ನೆತ್ತಿಯವರೆಗೆ ಹತ್ತಬೇಕು, ಆಕಾಶವೂ ತಿಳಿಯಾಗಿರಬೇಕು. ಮನೆಯವರು ಅಂಥ ಭರವಸೆಯನ್ನು ಎಂದೂ ಕೊಟ್ಟವರಲ್ಲ. ರಸ್ತೆಯಿಂದ ಮನೆಗೆ ಇಳಿಯುವ ಕಲ್ಲು ಮೆಟ್ಟಿಲುಗಳಿಗೆ ಹಿಡಿಕಂಬಿಯಿಲ್ಲದ ಕಾರಣ ಮಂಡಿನೋವಿರುವವರಿಗೆ ಈ ಜಾಗವನ್ನು ನಾನು ಸೂಚಿಸುವುದಿಲ್ಲ. ಬಾಜೆಯ ವಿವರಣೆ ನೇಪಾಳಿ ಬೆರೆತ ಹಿಂದಿಯಲ್ಲಿರುತ್ತದೆ. ಹಿಂದಿ ಬಾರದವರು ಜೊತೆಗೊಬ್ಬರನ್ನು ಕರೆದೊಯ್ಯಬೇಕು.

ಹೋಗಲು ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ಕಾಲ ಉತ್ತಮ. ಸಿಲಿಗುರಿಯಿಂದ ಕಾಲಿಂಪಾಂಗಿಗೆ ಶೇರ್ ಜೀಪು ಸಿಗುತ್ತದೆ, ಅಲ್ಲಿಂದ ಪೆಡೊಂಗ್‌ಗೆ ಇನ್ನೊಂದು ಜೀಪು. ತೀಸ್ತಾ ದಂಡೆಯ ರಾಷ್ಟ್ರೀಯ ಹೆದ್ದಾರಿ 10 ಮಳೆಗಾಲದಲ್ಲಿ ಮತ್ತೆ ಮತ್ತೆ ಕುಸಿಯುತ್ತದೆ. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೊನಾಕ್ ಸರೋವರ ಒಡೆದು ಬಂದ ಪ್ರವಾಹ ತೀಸ್ತಾ ಬಜಾರಿನ ಮನೆಗಳನ್ನೂ ಹೆದ್ದಾರಿಯ ಭಾಗಗಳನ್ನೂ ಕೊಚ್ಚಿಕೊಂಡು ಹೋಗಿತ್ತು. ಹೊರಡುವ ಮುನ್ನ ಮನೆಯವರಿಗೇ ಕರೆ ಮಾಡಿ ದಾರಿ ತೆರೆದಿದೆಯೇ ಎಂದು ಕೇಳಿ. ಮುಚ್ಚಿದ್ದರೆ ಗೊರುಬಥಾನ್, ಲಾವಾ ಮೂಲಕ ಸುತ್ತಿ ಬರಬೇಕಾಗುತ್ತದೆ, ಅದಕ್ಕೆ ಹೆಚ್ಚಿನ ಸಮಯ ಇಟ್ಟುಕೊಳ್ಳಿ.