ಪಾಸ್ ರಶರ್‌ಗಳನ್ನು ಅಳೆಯಲು ಆರ್‌ಎಎಸ್ ಕಾರ್ಡ್: ಒಬ್ಬ ಪಿಟಿ ಮಾಸ್ಟರ್ ಕಂಡಂತೆ

ಅಮೆರಿಕನ್ ಫುಟ್‌ಬಾಲ್ ನೋಡುವವರು ಕೊಡಗಿನಲ್ಲಿ ಜಾಸ್ತಿ ಇಲ್ಲ. ಇರುವ ಕೆಲವರು ಏಪ್ರಿಲ್ ಬಂತೆಂದರೆ ಎನ್‌ಎಫ್‌ಎಲ್ ಡ್ರಾಫ್ಟ್ ಬಿಟ್ಟು ಬೇರೆ ಮಾತಾಡುವುದಿಲ್ಲ. ಕಾಲೇಜು ಆಟಗಾರರನ್ನು 32 ತಂಡಗಳು ಏಳು ಸುತ್ತುಗಳಲ್ಲಿ ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಮೊದಲ ಸುತ್ತು ಅಲ್ಲಿ ಗುರುವಾರ ರಾತ್ರಿ ಎಂಟಕ್ಕೆ, ನಮಗೆ ಶುಕ್ರವಾರ ಬೆಳಗಿನ ಜಾವ ಐದೂವರೆಗೆ. ಹಾಗೆ ಎದ್ದು ಕೂರುವವರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಒಂದು ಉಚಿತ ಸೇವೆ ಇದೆ. ಹೆಸರು ರಿಲೇಟಿವ್ ಅಥ್ಲೆಟಿಕ್ ಸ್ಕೋರ್, ಚಿಕ್ಕದಾಗಿ ಆರ್‌ಎಎಸ್. ಮಾಡಿದವರು ಕೆಂಟ್ ಲೀ ಪ್ಲ್ಯಾಟ್.

ಕೆಲಸ ಸರಳ. ಫೆಬ್ರವರಿ ಕೊನೆಯಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್ ಅನ್ನುವ ಪರೀಕ್ಷಾ ಶಿಬಿರದಲ್ಲೋ, ಆಮೇಲೆ ಕಾಲೇಜುಗಳಲ್ಲೇ ನಡೆಯುವ ಪ್ರೊ ಡೇ ಪರೀಕ್ಷೆಗಳಲ್ಲೋ ಹುಡುಗರು ಓಡುತ್ತಾರೆ, ಜಿಗಿಯುತ್ತಾರೆ, ಭಾರ ಎತ್ತುತ್ತಾರೆ. ಆ ಅಂಕಿಗಳನ್ನು 1987ರಿಂದ ಮೈದಾನದಲ್ಲಿ ಅದೇ ಜಾಗದಲ್ಲಿ (ಪೊಸಿಷನ್) ಆಡಿದವರ ಅಂಕಿಗಳ ಜೊತೆ ಹೋಲಿಸಿ ಹತ್ತಕ್ಕೆ ಒಂದು ಅಂಕ ಕೊಡುತ್ತಾರೆ. ಐದು ಅಂದರೆ ಸರಾಸರಿ. ಎತ್ತರ, ತೂಕ, ಓಟ, ಜಿಗಿತ, ತಿರುಗುವ ಚುರುಕು, ಎಲ್ಲಕ್ಕೂ ಬೇರೆ ಬೇರೆ ಅಂಕ, ಬೇರೆ ಬೇರೆ ಬಣ್ಣ. ಎಲ್ಲ ಒಂದೇ ಚಿತ್ರದಲ್ಲಿ ಬರುತ್ತದೆ, ಅದೇ ಕಾರ್ಡ್. ನಮ್ಮ ಸೋಮವಾರಪೇಟೆ ಕಡೆ ಮಳೆಗೆ ನೆಟ್‌ವರ್ಕ್ ಹೋಗಿ ಬಂದು ಮಾಡುವಾಗಲೂ ವಾಟ್ಸಾಪ್‌ನಲ್ಲಿ ಕಳಿಸಬಹುದು.

ನಾನು ಶಾಲೆಯಲ್ಲಿ ಪಿಟಿ ಮಾಸ್ಟರ್. ಸ್ಟಾಪ್ ವಾಚ್ ಹಿಡಿದು ಮಕ್ಕಳನ್ನು ಅಳೆಯುವುದು ನನ್ನ ಅನ್ನದ ಕೆಲಸ. ಹಾಗಾಗಿ ಈ ಕಾರ್ಡ್ ಮೇಲೆ ನನಗೆ ಗೌರವವಿದೆ. ಆದರೆ ಪಾಸ್ ರಶರ್‌ಗಳ ವಿಷಯದಲ್ಲಿ ಇದನ್ನು ಓದುವ ಕ್ರಮ ಗೊತ್ತಿರಬೇಕು. ಮೇಲಿನ ದೊಡ್ಡ ಅಂಕವನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೀರಿ.

ಪಾಸ್ ರಶರ್ ಕೆಲಸ ಏನು? ಎದುರಿಗೆ ತಡೆಯಲು ನಿಂತ ನೂರನಲವತ್ತು ಕಿಲೋ ಟ್ಯಾಕಲ್‌ನನ್ನು ದಾಟಿ, ಚೆಂಡು ಕೈ ಬಿಡುವ ಮೊದಲು ಅದನ್ನು ಎಸೆಯುವ ಕ್ವಾರ್ಟರ್‌ಬ್ಯಾಕ್ ಹತ್ತಿರ ಹೋಗಬೇಕು. ಸಿಗುವ ಸಮಯ ಸುಮಾರು ಎರಡೂವರೆ ಸೆಕೆಂಡ್. ನೇರ ಓಟ ಇದರಲ್ಲಿ ಎಲ್ಲಿ ಬರುತ್ತದೆ ಹೇಳಿ? ಅದಕ್ಕೇ ನಾನು 40 ಗಜದ ಒಟ್ಟು ಸಮಯ ಬಿಟ್ಟು ಮೊದಲ ಹತ್ತು ಗಜದ ಸಮಯ ನೋಡುತ್ತೇನೆ. ಆಮೇಲೆ ತ್ರೀ ಕೋನ್. ಐದೈದು ಗಜ ದೂರದಲ್ಲಿ ಎಲ್ ಆಕಾರಕ್ಕೆ ಮೂರು ಕೋನ್ ಇಟ್ಟು ಸುತ್ತಿ ಬರುವ ಓಟ ಅದು. ಭುಜ ಕೆಳಗೆ ಹಾಕಿ, ಮೈ ವಾಲಿಸಿ, ವೇಗ ಕಳೆಯದೆ ತಿರುಗುವವನು ಟ್ಯಾಕಲ್‌ನ ಕೈ ಕೆಳಗೆ ನುಸುಳಬಲ್ಲ.

ಮ್ಯಾಕ್ಸ್ ಕ್ರಾಸ್ಬಿ ಉದಾಹರಣೆ ತಗೊಳ್ಳಿ. ಈಸ್ಟರ್ನ್ ಮಿಷಿಗನ್ ಅನ್ನುವ, ಯಾರೂ ಅಷ್ಟಾಗಿ ನೋಡದ ಕಾಲೇಜು. 2019ರಲ್ಲಿ ರೇಡರ್ಸ್ ತಂಡ ಅವನನ್ನು ನಾಲ್ಕನೇ ಸುತ್ತಿನಲ್ಲಿ, 106ನೆಯವನಾಗಿ ತೆಗೆದುಕೊಂಡಿತು. ಅವನ ತ್ರೀ ಕೋನ್ 6.89 ಸೆಕೆಂಡ್. ಆರೂವರೆ ಅಡಿ ಹತ್ತಿರದ ದೇಹಕ್ಕೆ ಅದು ತುಂಬಾ ಒಳ್ಳೆಯ ಸಮಯ. ಮೊದಲ ವರ್ಷವೇ 10 ಸ್ಯಾಕ್, ಅಂದರೆ ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ್ದು. ದೊಡ್ಡ ಕಾಲೇಜಿನ ಹೆಸರಿಲ್ಲದ ಇಂಥ ಹುಡುಗನನ್ನು ದೂರದಲ್ಲಿ ಕೂತ ನಮ್ಮಂಥವರ ಕಣ್ಣಿಗೆ ಹಾಕುವುದೇ ಈ ಕಾರ್ಡ್‌ನ ನಿಜವಾದ ಉಪಕಾರ.

ಈಗ ಇನ್ನೊಂದು ಕಡೆ ನೋಡಿ. ಒಹಾಯೋ ಸ್ಟೇಟ್‌ನ ವೆರ್ನನ್ ಗೋಲ್ಸ್ಟನ್, 2008. 225 ಪೌಂಡ್ ಭಾರವನ್ನು 37 ಸಲ ಎತ್ತಿದ. ಅಷ್ಟು ದಪ್ಪ ಮೈಯಲ್ಲಿ ಓಟವೂ ಜೋರು. ಹಿಂದಿನ ವರ್ಷ ಕಾಲೇಜಿನಲ್ಲಿ 14 ಸ್ಯಾಕ್ ಬೇರೆ. ಜೆಟ್ಸ್ ಅವನನ್ನು ಆರನೆಯವನಾಗಿ ಆರಿಸಿತು. ಅಲ್ಲಿ ಮೂರು ವರ್ಷ ಆಡಿ ಒಂದೇ ಒಂದು ಸ್ಯಾಕ್ ಬರಲಿಲ್ಲ. ಕಾಲೇಜಿನಲ್ಲಿ ಸಾಲಿನ ತುದಿಯಲ್ಲಿ ಕೈ ಊರಿ ಆಡುತ್ತಿದ್ದವನನ್ನು ಜೆಟ್ಸ್ ಹೊರಗಿನ ಲೈನ್‌ಬ್ಯಾಕರ್ (ಸಾಲಿನ ಹಿಂದೆ ನಿಂತು ಆಡುವವನು) ಮಾಡಿತು, ಅದೂ ಒಂದು ಕಾರಣ ಇರಬೇಕು. ಟೆರೆಲ್ ಸಗ್ಸ್ ಇದಕ್ಕೆ ಉಲ್ಟಾ. 2002ರಲ್ಲಿ ಅರಿಝೋನಾ ಸ್ಟೇಟ್‌ಗೆ 24 ಸ್ಯಾಕ್ ಹೊಡೆದು ದಾಖಲೆ ಮಾಡಿದ. ಡ್ರಾಫ್ಟ್‌ಗೆ ಮುಂಚೆ 40 ಗಜ ನಿಧಾನ ಓಡಿದ ಅಂತ ಎಲ್ಲರೂ ಮೂಗು ಮುರಿದರು. ರೇವನ್ಸ್ ಹತ್ತನೆಯವನಾಗಿ ತೆಗೆದುಕೊಂಡಿತು. ಅವನು ನಿವೃತ್ತನಾಗುವಾಗ ಲೆಕ್ಕದಲ್ಲಿ 139 ಸ್ಯಾಕ್ ಇತ್ತು.

ಕಾರ್ಡ್ ಅಳೆಯುವುದು ಮೈಯನ್ನು. ಕೈಯನ್ನು ಅಳೆಯುವುದಿಲ್ಲ, ಚೆಂಡು ಅಲುಗಿದ ಕ್ಷಣವನ್ನು ಹಿಡಿಯುವ ಕಣ್ಣನ್ನಂತೂ ಅಳೆಯುವುದೇ ಇಲ್ಲ.

ಇದು ನನಗೆ ಹಾಕಿಯಿಂದ ಗೊತ್ತು. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲ್ ಲೈನ್ ಹಿಂದಿನಿಂದ ಮೊದಲು ನುಗ್ಗುವವನಿಗೆ ನಾವೂ ರಶರ್ ಅಂತಲೇ ಹೇಳುವುದು. ಭಾರತ ತಂಡಕ್ಕೆ ಆಡಿದ ಅಮಿತ್ ರೋಹಿದಾಸ್ ನುಗ್ಗುವುದನ್ನು ನೋಡಿದವರಿಗೆ ವಿವರಿಸಬೇಕಿಲ್ಲ. ನನ್ನ ಶಾಲೆಯಲ್ಲಿ ಅಂಥ ಒಬ್ಬಳು ಹುಡುಗಿ ಇದ್ದಳು. ಪುಷ್ ಮಾಡುವವಳ ಭುಜ ಕದಲಿದ ಕೂಡಲೇ ಇವಳ ಎಡಗಾಲು ಗೆರೆ ದಾಟಿರುತ್ತಿತ್ತು. ಚೆಂಡು ನಿಲ್ಲಿಸುವ ಹೊತ್ತಿಗೆ ಸ್ಟಿಕ್ ನೆಲಕ್ಕೆ ಹಾಸಿ, ಫ್ಲಿಕ್ ಮಾಡುವವಳ ಬಲಗಡೆ ಮುಚ್ಚಿರುತ್ತಿದ್ದಳು. ಕ್ರೀಡಾ ವಸತಿ ನಿಲಯವೊಂದರ ಆಯ್ಕೆಯಲ್ಲಿ ಓಟ ಮತ್ತು ಜಿಗಿತದ ಅಂಕ ಕಡಿಮೆ ಬಂತು ಅಂತ ಬಿಟ್ಟುಬಿಟ್ಟರು. ಅವಳ ಆಟ ಒಂದು ನಿಮಿಷವೂ ನೋಡಲಿಲ್ಲ. ಇವತ್ತಿಗೂ ನನಗೆ ಅದು ನೋವು.

ಹಾಗಂತ ಅಂಕಿ ಬೇಡ ಅಂತಲ್ಲ. 2022ರಲ್ಲಿ ಜಾಕ್ಸನ್‌ವಿಲ್ ತಂಡ ಟ್ರಾವಾನ್ ವಾಕರ್‌ನನ್ನು ಮೊದಲನೆಯವನಾಗಿ ಆರಿಸಿತು. ಹಿಂದಿನ ವರ್ಷ ಅವನದು ಬರೀ 6 ಸ್ಯಾಕ್, ಆದರೆ 272 ಪೌಂಡ್ ತೂಕದಲ್ಲಿ 40 ಗಜ 4.51 ಸೆಕೆಂಡ್! 14 ಸ್ಯಾಕ್ ಹೊಡೆದಿದ್ದ ಏಡನ್ ಹಚಿನ್ಸನ್ ಎರಡನೆಯವನಾಗಿ ಡೆಟ್ರಾಯ್ಟ್‌ಗೆ ಹೋದ. ಮೊದಲ ವರ್ಷ ಹಚಿನ್ಸನ್ 9.5, ವಾಕರ್ 3.5. ಜನ ಜಾಕ್ಸನ್‌ವಿಲ್‌ಗೆ ಬೈದರು. ಮುಂದಿನ ವರ್ಷ ವಾಕರ್ ಕೂಡ 10ಕ್ಕೆ ಮುಟ್ಟಿದ. ಅಂದರೆ ಮೈಯಲ್ಲಿ ಇರುವುದು ಹೊರಗೆ ಬರಲು ಕೆಲವರಿಗೆ ಟೈಮ್ ಬೇಕು, ಅಲ್ವಾ? ಹಚಿನ್ಸನ್‌ನ ತ್ರೀ ಕೋನ್ 6.73 ಅನ್ನುವುದನ್ನೂ ಮರೆಯಬೇಡಿ. ನನ್ನನ್ನು ಕೇಳಿದರೆ ಅವನನ್ನೇ ಮೊದಲು ತಗೊಳ್ಳುತ್ತಿದ್ದೆ.

ಸೇವೆಯಲ್ಲಿ ನನಗೆ ಕೊರತೆ ಅನ್ನಿಸಿದ್ದು ಮೂರು. ಆಟಗಾರ ಪರೀಕ್ಷೆಗೇ ಇಳಿಯದಿದ್ದರೆ ಕಾರ್ಡ್‌ನಿಂದ ಪ್ರಯೋಜನವಿಲ್ಲ. 2025ರಲ್ಲಿ ಅಬ್ದುಲ್ ಕಾರ್ಟರ್ ಕಂಬೈನ್‌ನಲ್ಲಿ ಓಡಲಿಲ್ಲ, ಆದರೂ ಮೂರನೆಯವನಾಗಿ ಜೈಂಟ್ಸ್ ಸೇರಿದ. ಎರಡನೆಯದು, ಒಬ್ಬನನ್ನೇ ಡಿಫೆನ್ಸಿವ್ ಎಂಡ್ (ಸಾಲಿನ ತುದಿಯಲ್ಲಿ ಆಡುವವನು) ಅಂತ ಹಾಕಿದರೆ ಒಂದು ಅಂಕ, ಲೈನ್‌ಬ್ಯಾಕರ್ ಅಂತ ಹಾಕಿದರೆ ಇನ್ನೊಂದು. ತೂಕ ಕಡಿಮೆ ಇರುವ ರಶರ್‌ಗೆ ಇದರಿಂದ ದೊಡ್ಡ ವ್ಯತ್ಯಾಸ ಬೀಳುತ್ತದೆ. ಕಾರ್ಡ್ ಮೇಲೆ ಯಾವ ಜಾಗ ಬರೆದಿದೆ ಅಂತ ಮೊದಲು ನೋಡಿ. ಮೂರನೆಯದು ತೋಳಿನ ಉದ್ದ. ಟ್ಯಾಕಲ್ ಮೊದಲು ಎದೆ ಹಿಡಿದರೆ ರಶರ್ ಕಥೆ ಮುಗಿಯಿತು, ಹಾಗಾಗಿ ಈ ಅಳತೆ ಬೇಕೇ ಬೇಕು. ಕಂಬೈನ್‌ನಲ್ಲಿ ಅಳೆಯುತ್ತಾರೆ, ಈ ಅಂಕದಲ್ಲಿ ಮಾತ್ರ ಅದು ಸೇರಿಲ್ಲ. ಅಂಕಕ್ಕೆ ಸೇರಿಸದಿದ್ದರೂ ಕಾರ್ಡ್ ಮೂಲೆಯಲ್ಲಿ ಬರೆದರೆ ಸಾಕು. ಅದೊಂದು ಬಂದರೆ ದುಡ್ಡು ಕೊಟ್ಟಾದರೂ ಬಳಸುತ್ತೇನೆ.